ಅವಳಿಗಳಲ್ಲಿ ಒಬ್ಬನಿಗೆ ಬಂದ ಕರೆ

ಸಿಂಗಪುರದ ಸೈನ್ಯದಿಂದ ಚೇತನನಿಗೆ ಕರೆ ಬಂದಾಗ ಮಲೇಶಿಯಾದ ಪುಚೊಂಗಿನ ಆ ಹನ್ನೊಂದನೇ ಮಹಡಿಯ ಮನೆಯಲ್ಲಿ ಕುಕ್ಕರು ಕೂಗುತ್ತಿತ್ತು, ಊಟದ ಮೇಜಿನ ಮೇಲೆ ವಂದನಾಳ ಆಫೀಸಿನ ಮೀಟಿಂಗು ನಡೆಯುತ್ತಿತ್ತು, ಒಳಕೋಣೆಯಿಂದ ಅತ್ತೆ ದೇವಕಮ್ಮ ಯಾರನ್ನೋ ಕರೆಯುತ್ತಿದ್ದರು. ಯಾರನ್ನೋ ಏನು, ಮೊಮ್ಮಗಳು ಸ್ವರ್ಣಲತಾಳನ್ನೇ. ಆ ಮನೆಯಲ್ಲಿ ಯಾರು ಯಾರನ್ನೇ ಕರೆಯಲಿ, ಕೊನೆಗೆ ಎದ್ದು ಹೋಗುತ್ತಿದ್ದವಳು ಅವಳೊಬ್ಬಳೇ.

"ಅಮ್ಮ, ಬಂತು," ಎಂದು ಚೇತನ ಫೋನು ಹಿಡಿದುಕೊಂಡು ಬಂದು ನಿಂತ. "ಆಗಸ್ಟ್‌ನಲ್ಲಿ ರಿಪೋರ್ಟ್ ಮಾಡ್ಬೇಕಂತೆ. ಟೂ ಇಯರ್ಸ್."

ವಂದನಾ ಕೈಸನ್ನೆಯಲ್ಲಿಯೇ ಮಗನನ್ನು ಸುಮ್ಮನಿರಿಸಿ, ಮೀಟಿಂಗಿನಲ್ಲಿ "ಯೆಸ್, ನೋಟೆಡ್" ಎಂದಳು. ಆಮೇಲೆ ಅದನ್ನು ನೆನೆದು ತನ್ನನ್ನೇ ಶಪಿಸಿಕೊಂಡಳು. ಹೆತ್ತ ಮಗನನ್ನು ಸೈನ್ಯ ಕರೆದಿದೆ ಎಂದರೆ ತಾಯಿ ಆಡುವ ಮೊದಲ ಮಾತೇ ಅದು?

ಬರುತ್ತದೆಂದು ಗೊತ್ತಿದ್ದದ್ದೇ. ಗಂಡ ತ್ರಿವಿಕ್ರಮ ಸಿಂಗಪುರದಲ್ಲಿ ಕೆಲಸದಲ್ಲಿದ್ದಾಗ, ಅವಳಿ ಮಕ್ಕಳು ಇನ್ನೂ ತೊದಲು ಮಾತಾಡುತ್ತಿದ್ದ ಕಾಲದಲ್ಲಿ, ಮನೆಮಂದಿಗೆಲ್ಲ ಅಲ್ಲಿನ ಕಾಯಂ ವಾಸದ ಹಕ್ಕು ಸಿಕ್ಕಿತ್ತು. ಬೇಕೇ ಬೇಕೆಂದು ಪಟ್ಟು ಹಿಡಿದವಳು ವಂದನಾ. ಮಕ್ಕಳಿಗೆ ಒಳ್ಳೆಯ ಸ್ಕೂಲು ಸಿಗಲಿ ಎಂಬ ಆಸೆ. ಗಂಡುಮಗು ದೊಡ್ಡವನಾದ ಮೇಲೆ ಸೈನ್ಯದಲ್ಲಿ ದುಡಿಯಬೇಕಾಗುತ್ತದೆ ಎಂದು ಆಗಲೇ ಯಾರೋ ಕಿವಿಗೆ ಹಾಕಿದ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು "ಅಯ್ಯೋ, ಅದಕ್ಕಿನ್ನೂ ಯುಗ ಇದೆ ಬಿಡಿ" ಎಂದು ನಕ್ಕಿದ್ದಳು. ಆಮೇಲೆ ತ್ರಿವಿಕ್ರಮನ ಕೆಲಸ ಮಲೇಶಿಯಾಕ್ಕೆ ಬಂತು, ಸಂಸಾರವೂ ಹಿಂದೆಯೇ ಬಂತು, ಆ ಹಕ್ಕು ಮಾತ್ರ ಹಾಗೇ ಉಳಿಯಿತು. ಈಗ ಸೈನ್ಯಕ್ಕೆ ಹೋಗದೆ ಅದನ್ನು ಬಿಟ್ಟುಕೊಟ್ಟರೆ, ಮುಂದೆ ಆ ಊರಿನಲ್ಲಿ ಓದುವ, ಕೆಲಸ ಮಾಡುವ ಆಸೆಯನ್ನು ಹುಡುಗ ಬಹುಮಟ್ಟಿಗೆ ಮರೆಯಬೇಕು. ಅದೇ ದಿನ ಅವನಿಗಿಂತ ಸ್ವಲ್ಪ ಮೊದಲು ಹುಟ್ಟಿದ ಸ್ವರ್ಣಳಿಗೆ ಯಾವ ಕರೆಯೂ ಇಲ್ಲ. ಹೆಣ್ಣುಮಕ್ಕಳನ್ನು ಅಲ್ಲಿ ಕರೆಯುವುದಿಲ್ಲ.

ಅದು ಎರಡು ಸಾವಿರದ ಇಪ್ಪತ್ತೊಂದರ ಜೂನ್. ಕೋವಿಡ್ಡಿನಿಂದ ಮಲೇಶಿಯಾ ಮತ್ತೆ ಬಾಗಿಲು ಹಾಕಿಕೊಂಡಿತ್ತು. ತ್ರಿವಿಕ್ರಮ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ, ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ. ಕಾರ್ಖಾನೆ ನಿಲ್ಲುವಂತಿಲ್ಲ, ರಾಜ್ಯದ ಗಡಿ ದಾಟುವಂತಿಲ್ಲ. ಅವನು ಮನೆಗೆ ಬಂದು ತಿಂಗಳುಗಳೇ ಆಗಿದ್ದವು. ದೇವಕಮ್ಮನವರು ಹಿಂದಿನ ವರ್ಷ ಮೈಸೂರಿನಿಂದ ಮೊಮ್ಮಕ್ಕಳನ್ನು ನೋಡಿಕೊಂಡು ಹೋಗೋಣವೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದರು. ಸಾಲದ್ದಕ್ಕೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಈಗ ಏಳಬೇಕಾದರೂ ಕೂರಬೇಕಾದರೂ ಒಬ್ಬರು ಬೇಕು. ಹೊರಗಿನ ಹೆಂಗಸು ಮೈ ಮುಟ್ಟುವುದು ಅವರಿಗೆ ಒಗ್ಗದು. ಸೊಸೆಯ ಕೈಯಲ್ಲಿ ಮೈ ತೊಳೆಸಿಕೊಳ್ಳಲು ನಾಚಿಕೆ. ಮೊಮ್ಮಗನ ಮಾತೇ ಇಲ್ಲ, ಅವನು ಗಂಡು. ಉಳಿದವಳು ಸ್ವರ್ಣ. ಅತ್ತೆಯ ಈ ಹಟವನ್ನು ವಂದನಾ ಗಂಡನ ಬಳಿ ದೂರಿದ್ದುಂಟು. ಆದರೆ ನಿಜ ಹೇಳಬೇಕೆಂದರೆ, ಅದು ಅವಳಿಗೂ ಅನುಕೂಲವೇ ಆಗಿತ್ತು.

ಅಂದು ಸಂಜೆ ಊಟದ ಹೊತ್ತಿಗೆ ಉಪ್ಪಿನಕಾಯಿ ಜಾಡಿಗೆ ಫೋನನ್ನು ಒರಗಿಸಿ ನಿಲ್ಲಿಸಿದರು. ಪರದೆಯಲ್ಲಿ ತ್ರಿವಿಕ್ರಮ ಯಾವುದೋ ಅಂಗಡಿಯಿಂದ ತಪಾವ್ ಎಂದು ಕಟ್ಟಿಸಿಕೊಂಡು ತಂದ ಅನ್ನವನ್ನು ಪೊಟ್ಟಣದಿಂದಲೇ ತಿನ್ನುತ್ತಿದ್ದ.

"ಹೋಗಿ ಬರಲಿ ಬಿಡು. ಗಂಡುಹುಡುಗನಿಗೆ ಒಂದು ಶಿಸ್ತು ಬರತ್ತೆ," ಎಂದ.

"ಉಬ್ಬಸ ಇರೋ ಹುಡುಗ ಕಣೋ ಅದು!" ದೇವಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂದೂಕು ಹೊರೋಕಾಗತ್ತಾ ಅದ್ಕೆ?"

"ಅಮ್ಮ, ಅವ್ರು ಡಾಕ್ಟರ ಕೈಲಿ ತೋರ್ಸೇ ತಗೊಳ್ಳೋದು. ಉಬ್ಬಸ ಇದ್ರೆ ಹಗುರ ಕೆಲಸ ಕೊಡ್ತಾರೆ," ಎಂದು ತ್ರಿವಿಕ್ರಮ ತುತ್ತು ನುಂಗಿ, ದನಿ ಬದಲಿಸಿದ. "ಸ್ವರ್ಣ ಪುಟ್ಟಾ, ನಿನ್ಹತ್ರ ಒಂದ್ಮಾತು. ನಿನ್ನ ಕಾಲೇಜು ಎಲ್ಲಿಗೂ ಓಡಿಹೋಗಲ್ಲ ಅಲ್ವಾ? ಚೇತು ಹೋದ್ಮೇಲೆ ಅಮ್ಮ ಒಬ್ಳೇ ಆಗ್ತಾಳೆ. ಒಂದು ವರ್ಷ ಮುಂದಕ್ಕೆ ಹಾಕಿದ್ರೆ ಹೇಗೆ?"

ಪೆನಾಂಗಿನ ಒಂದು ಕಾಲೇಜಿನಲ್ಲಿ ಸ್ವರ್ಣಳಿಗೆ ಮೆಕಾಟ್ರಾನಿಕ್ಸ್ ಸೀಟು ಸಿಕ್ಕಿತ್ತು. ಮಿಕ್ಸಿ ಕೆಟ್ಟರೆ ಬಿಚ್ಚುವವಳು, ಫ್ಯಾನು ಸದ್ದು ಮಾಡಿದರೆ ಸ್ಟೂಲು ಹಾಕಿಕೊಳ್ಳುವವಳು ಅವಳು. ಸೆಪ್ಟೆಂಬರಿನಲ್ಲಿ ಶುರು, ಅಪ್ಪನ ಜೊತೆಯಲ್ಲೇ ಇರುವುದೆಂದು ಮಾತಾಗಿತ್ತು.

"ಚೇತು ಇರೋವಾಗ್ಲೂ ಅಜ್ಜೀನ ಅವ್ನೇನು ನೋಡ್ಕೊಳ್ಳಲ್ವಲ್ಲ ಅಪ್ಪ," ಎಂದಳು ಸ್ವರ್ಣ.

"ಹಾಗಲ್ಲ ಪುಟ್ಟಾ. ಅವ್ನಿಗೆ ಎರಡು ವರ್ಷ ಹೋಗ್ತಿದೆ. ನಿನ್ನ ಕೇಳ್ತಿರೋದು ಒಂದೇ ವರ್ಷ."

ಸ್ವರ್ಣ ಅಮ್ಮನ ಕಡೆ ನೋಡಿದಳು. ವಂದನಾ ಅತ್ತೆಯ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಮಗಳು ನೋಡುತ್ತಿದ್ದಾಳೆಂದು ಗೊತ್ತಿತ್ತು. ದೇವಕಮ್ಮ ಸಾಕೆಂದು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಬಡಿಸಿದಳು.

"ಓಕೆ ಲಾ," ಎಂದು ಸ್ವರ್ಣ ತಟ್ಟೆ ಎತ್ತಿಕೊಂಡು ಎದ್ದಳು. ಜೊತೆಗೆ ಚೇತನನ ತಟ್ಟೆಯನ್ನೂ.

ಆ ಹುಡುಗಿ ಅತ್ತಿದ್ದರೆ, ಬಾಗಿಲು ದಢಾರನೆ ಹಾಕಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ವಂದನಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಲ್ಲಿಂದ ಮುಂದೆ ಮನೆಯಲ್ಲಿ ಚೇತನನದೇ ದರ್ಬಾರು. "ಸೈನ್ಯಕ್ಕೆ ಹೋಗೋ ಕೂಸು, ಹೊಟ್ಟೆತುಂಬಾ ತಿಂದು ಹೋಗ್ಲಿ" ಎಂದು ದೇವಕಮ್ಮ ಮಲಗಿದಲ್ಲಿಂದಲೇ ಅಪ್ಪಣೆ ಹೊರಡಿಸುತ್ತಿದ್ದರು. ಇಂದು ಬಿಸಿಬೇಳೆಭಾತು, ನಾಳೆ ಒತ್ತುಶ್ಯಾವಿಗೆ, ನಾಡಿದ್ದು ಹೋಳಿಗೆ. ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗುವಂತಿರಲಿಲ್ಲ, ಅಲ್ಲಿನ ಅಂಗಡಿಯಿಂದ ತೊಗರಿಬೇಳೆ, ಬೆಲ್ಲ, ಕರಿಬೇವು ಬೈಕಿನವನ ಕೈಯಲ್ಲಿ ಬರುತ್ತಿದ್ದವು. ಒತ್ತುವುದು, ರುಬ್ಬುವುದು, ಬೇಯಿಸುವುದು ಸ್ವರ್ಣ, ತಿನ್ನುವುದು ಚೇತನ, ಹೊಗಳಿಕೆ ಮಾತ್ರ ಅಜ್ಜಿಗೆ. ವಂದನಾ ಒಂದು ದೊಡ್ಡ ಕಂಪನಿಯ ಸಂಬಳ ಬಟವಾಡೆಯ ಉಸ್ತುವಾರಿ ನೋಡುವವಳು. ತಿಂಗಳ ಕೊನೆ ಬಂತೆಂದರೆ ಅವಳಿಗೆ ಅಡುಗೆಮನೆ ಯಾವ ದಿಕ್ಕಿನಲ್ಲಿದೆ ಎಂಬುದೂ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಸ್ವರ್ಣ ಹೂರಣದ ಉಂಡೆ ಕಟ್ಟುತ್ತಾ ತನ್ನಷ್ಟಕ್ಕೆ ಇಂಗ್ಲಿಷಿನಲ್ಲಿ ಏನೋ ಒಪ್ಪಿಸುತ್ತಿದ್ದಳು.

"ಏನೇ ಅದು, ಮಂತ್ರ ಹೇಳಿದ ಹಾಗೆ?" ದೇವಕಮ್ಮ ಕುರ್ಚಿಯಿಂದ ಕೇಳಿದರು.

"ಡಿಬೇಟ್ ಅಜ್ಜಿ. ನಮ್ಮ ಹಳೇ ಕಾಲೇಜಿನವರ ಲಾಸ್ಟ್ ಡಿಬೇಟ್, ಆನ್‌ಲೈನ್. ಹುಡುಗೀರನ್ನೂ ಕಂಪಲ್ಸರಿ ಆರ್ಮಿಗೆ ಸೇರಿಸ್ಬೇಕಾ ಅಂತ ಟಾಪಿಕ್. ನಂಗೆ ಸೇರಿಸ್ಬೇಕು ಅನ್ನೋ ಸೈಡ್."

"ಸೇರಿಸ್ಬೇಕಂತೆ!" ದೇವಕಮ್ಮ ಮೂಗು ಮುರಿದರು. "ಹೆಣ್ಣುಮಕ್ಕಳೆಲ್ಲ ಬಂದೂಕು ಹಿಡ್ಕೊಂಡು ಹೋದ್ರೆ ಮನೇಲಿ ಒಲೆ ಹಚ್ಚೋರ್ಯಾರು?"

"ವೈ, ಮನೇಲಿರೋ ಗಂಡಸರು ಹಚ್ಲಿ. ಚೇತುಗಿಂತ ನಾನೇ ಜಾಸ್ತಿ ಪುಷ್‌ಅಪ್ ಮಾಡ್ತೀನಿ ಅಜ್ಜಿ. ಅವ್ನಿಗೆ ಮೆಟ್ಟಿಲು ಹತ್ತಿದ್ರೆ ಉಸಿರು ಬರಲ್ಲ. ನನ್ನ ಯಾಕೆ ಕರೀಬಾರ್ದು?"

"ಕರೀಲಿ, ಪ್ಲೀಸ್!" ಸೋಫಾದ ಮೇಲೆ ಮಲಗಿದ್ದ ಚೇತನ ತಲೆ ಎತ್ತಿದ. "ನನ್ನ ಬದಲು ನೀನೇ ಹೋಗು."

"ಬಿಡ್ತು ಅನ್ನು!" ಎಂದರು ದೇವಕಮ್ಮ, ಯಾರಿಗೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ.

"ಅಮ್ಮ, ನೀನು ಹೇಳು," ಸ್ವರ್ಣ ಮೇಜಿನ ಕಡೆ ತಿರುಗಿದಳು. "ಹುಡುಗೀರ್ನ ಕರೀಬೇಕಾ, ಬೇಡ್ವಾ?"

ವಂದನಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಹೇಳಿದಳು: "ನಾನಂತೂ ನನ್ನ ಮಗಳನ್ನ ಕಳಿಸಲ್ಲಪ್ಪ."

"ಮಗನ್ನ ಕಳಿಸ್ತೀಯ."

"ಅದು... ಅದು ಕಾನೂನು ಕಣೇ."

"ಸೋ, ಕಾನೂನು ಇದ್ರೆ ನನ್ನನ್ನೂ ಕಳಿಸ್ತೀಯ?"

"ನಂಗೆ ಕೆಲಸ ಇದೆ ಸ್ವರ್ಣ, ತಲೆ ತಿನ್ಬೇಡ."

ಚೇತನ ಎದ್ದು ಕೂತಿದ್ದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ನಂಗೆ ಹೋಗೋಕೆ ಇಷ್ಟ ಇಲ್ಲಮ್ಮ," ಎಂದ. "ಐ ಆಮ್ ಸ್ಕೇರ್ಡ್. ನಿಂಗೆ ಇಷ್ಟ ಇದೆಯೇನೋ ಅಂತ ಯಾರೂ ಕೇಳ್ಲೇ ಇಲ್ಲ. ಎಲ್ರೂ ಹೋಳಿಗೆ ಮಾಡ್ತಿದೀರಿ."

ವಂದನಾ ಎದ್ದು ಹೋಗಿ ಮಗನ ತಲೆ ನೇವರಿಸಿದಳು. ಅಂದು ಆ ಕಾಯಂ ಹಕ್ಕಿಗಾಗಿ ಪಟ್ಟು ಹಿಡಿಯದಿದ್ದರೆ ಈ ಹುಡುಗ ಹೀಗೆ ಹೆದರಿ ಕೂರಬೇಕಿರಲಿಲ್ಲ ಎನಿಸಿ ಅವಳ ಕಣ್ಣು ತುಂಬಿತು. ಒಲೆಯ ಮುಂದೆ ಸ್ವರ್ಣ ಹೋಳಿಗೆ ತಿರುವಿ ಹಾಕುತ್ತಿದ್ದಳು. ಅವಳ ಇಷ್ಟವನ್ನೂ ಯಾರೂ ಕೇಳಿಲ್ಲ ಎಂಬುದು ಆ ಹೊತ್ತಿನಲ್ಲಿ ವಂದನಾಗೆ ಹೊಳೆಯಲೇ ಇಲ್ಲ. ಹೊಳೆದದ್ದು ಡಿಬೇಟಿನ ದಿನ.

ಅಂದು ಸ್ವರ್ಣ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ತಲೆ ಬಿಗಿಯಾಗಿ ಕಟ್ಟಿಕೊಂಡು, ತನ್ನ ಕೋಣೆಯಲ್ಲಿ ಬಾಗಿಲು ಅರ್ಧ ತೆರೆದೇ ಕೂತಿದ್ದಳು. ಅಜ್ಜಿ ಕರೆದರೆ ಕೇಳಿಸಬೇಕಲ್ಲ. ಚೇತನ ಲಸಿಕೆ ಹಾಕಿಸಿಕೊಳ್ಳಲು ಹೋಗಿದ್ದ. ವಂದನಾ ಎಂದಿನಂತೆ ಊಟದ ಮೇಜಿನಲ್ಲಿ ಮೀಟಿಂಗಿಗೆ ಕೂತಿದ್ದಳು. ಅಂದಿನ ಮೀಟಿಂಗಿನಲ್ಲಿ ಅವಳ ಸರದಿ ಕಟ್ಟಕಡೆಗೆ. ಕ್ಯಾಮೆರಾ ಆರಿಸಿ, ಮೈಕು ಮುಚ್ಚಿ, ಒಂದು ಕಿವಿ ಮಗಳ ಕೋಣೆಯ ಕಡೆ ಇಟ್ಟಿದ್ದಳು.

ಇಪೋ ಊರಿನ ಒಬ್ಬ ಹುಡುಗ ಎದುರುಪಕ್ಷ. ಹೆಂಗಸರು ಮನೆಯಲ್ಲಿ ಆಗಲೇ ದೇಶಸೇವೆ ಮಾಡುತ್ತಿದ್ದಾರೆ, ಮಕ್ಕಳನ್ನು ಮುದುಕರನ್ನು ಸಾಕುವುದೇ ಅವರ ಸೈನ್ಯ, ಅವರನ್ನು ಮತ್ತೆ ಇನ್ನೊಂದು ಸೈನ್ಯಕ್ಕೆ ಕರೆಯುವುದು ಅನ್ಯಾಯ ಎಂದು ಅವನು ಬಹಳ ಚೆನ್ನಾಗಿ, ಬಹಳ ಮರ್ಯಾದೆಯಿಂದ ಮಾತಾಡಿದ. ಈಗ ಸ್ವರ್ಣ ಉತ್ತರ ಕೊಡಬೇಕು. ಅವಳು ಗಂಟಲು ಸರಿಮಾಡಿಕೊಂಡದ್ದು ವಂದನಾಗೆ ಕೇಳಿಸಿತು.

"ನನ್ನ ಮೊದಲ ಪ್ರಶ್ನೆ ಇಷ್ಟೇ. ಅದು ಸೇವೆಯಾದರೆ, ಅದಕ್ಕೆ ಅವರನ್ನು ಒಪ್ಪಿಗೆ ಕೇಳಿದವರು ಯಾರು?" ಎಂದು ಅವಳು ಇಂಗ್ಲಿಷಿನಲ್ಲಿ ಆರಂಭಿಸಿದಳು.

"ಸ್ವರ್ಣಾ!" ದೇವಕಮ್ಮ ಕರೆದರು. "ಬಾರೇ ಬೇಗ, ಬಚ್ಚಲಿಗೆ ಹೋಗ್ಬೇಕು."

ಸ್ವರ್ಣ ದನಿ ತುಸು ಏರಿಸಿ ಮುಂದುವರಿಸಿದಳು. ವಂದನಾ ಲ್ಯಾಪ್‌ಟಾಪಿನ ಅಂಚಿನ ಮೇಲೆ ಕೈಯಿಟ್ಟಳು. ಮೀಟಿಂಗಿನಲ್ಲಿ ಯಾರೋ ರಜೆಗಳ ವಿಚಾರ ಹೇಳುತ್ತಿದ್ದರು. ಅವಳು ಎದ್ದು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಮುಖ ಸಿಂಡರಿಸಿಯಾರು, ನಾಚಿಕೊಂಡಾರು, ಹೊರಲಾರದ ಕಷ್ಟವೇನಲ್ಲ. ಎದ್ದೇಳಬೇಕು ಎಂದುಕೊಂಡಳು.

"ಸ್ವರ್ಣಾ, ತಡೆಯೋಕಾಗ್ತಿಲ್ಲ ಕಣೇ!"

ವಂದನಾ ಏಳಲಿಲ್ಲ. ಮಗಳು ಏಳುತ್ತಾಳೆಂದು ಗೊತ್ತಿತ್ತು, ಅದಕ್ಕೇ ಏಳಲಿಲ್ಲ. ಕುರ್ಚಿ ಸರಿದ ಸದ್ದಾಯಿತು, "ಎಕ್ಸ್‌ಕ್ಯೂಸ್ ಮಿ" ಎಂಬ ಸಣ್ಣ ದನಿ ಕೇಳಿತು, ಬಿಳಿ ಶರಟು ಹಜಾರದಲ್ಲಿ ಓಡಿತು.

ಅವಳು ವಾಪಸು ಬರುವಷ್ಟರಲ್ಲಿ ಸಮಯ ಮುಗಿದಿತ್ತು. ತೋಳು ಮೊಣಕೈವರೆಗೆ ಒದ್ದೆ. ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮ, ಮೀಟಿಂಗ್ ಇತ್ತಾ?"

"ಹೂಂ ಕಣೇ. ನಂದೇ ಮಾತು ನಡೀತಿತ್ತು, ಬಿಟ್ಟು ಏಳೋ ಹಾಗಿರ್ಲಿಲ್ಲ."

"ಇಟ್ಸ್ ಓಕೆ," ಎಂದಳು ಸ್ವರ್ಣ. "ಹೇಗಿದ್ರೂ ಸೋಲ್ತಿದ್ದೆ."

ವಂದನಾ ಮಧ್ಯಾಹ್ನದ ಊಟದ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು. ಹತ್ತೊಂಬತ್ತು ವರ್ಷ ಸಾಕಿದ ಮಗಳಿಗೆ ಅಷ್ಟು ಸುಲಭವಾಗಿ ಸುಳ್ಳು ಹೇಳಿದ್ದಳು, ಆ ಮಗಳು ಅಷ್ಟೇ ಸುಲಭವಾಗಿ ನಂಬಿದ್ದಳು.

ಜುಲೈ ಕಳೆಯುವ ಮೊದಲೇ ಚೇತನ ಹೊರಟ. ಅಲ್ಲಿಗೆ ಹೋದವನು ಮೊದಲು ಹೋಟೆಲಿನಲ್ಲಿ ಕ್ವಾರಂಟೈನಿನಲ್ಲಿ ಇರಬೇಕಿತ್ತು. ವಿಮಾನ ನಿಲ್ದಾಣಕ್ಕೆ ವಂದನಾ ಒಬ್ಬಳೇ ಕರೆದುಕೊಂಡು ಹೋದಳು. ಮಗನ ಮಾಸ್ಕು ಸರಿಮಾಡುವ ನೆಪದಲ್ಲಿ ಕೆನ್ನೆ ಮುಟ್ಟಿದಳು. ಸಿಂಗಪುರದಲ್ಲಿ ರಜೆಯ ದಿನ ಉಳಿಯಲು ತ್ರಿವಿಕ್ರಮನ ಹಳೆಯ ಸ್ನೇಹಿತ ಅನಂತಪದ್ಮನಾಭರ ಮನೆಯಿತ್ತು. ಗಡಿ ಯಾವಾಗ ತೆರೆಯುತ್ತದೆ, ಮಗ ಯಾವಾಗ ಮನೆಗೆ ಬರುತ್ತಾನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ವಾಪಸು ಬರುವಾಗ ಖಾಲಿ ರಸ್ತೆಯಲ್ಲಿ ಗಾಡಿ ಓಡಿಸುತ್ತಾ ವಂದನಾ ಗಟ್ಟಿಯಾಗಿ ಅತ್ತಳು. ಮನೆಗೆ ಬಂದರೆ ಅಜ್ಜಿಗೆ ಗಂಜಿ ಕುಡಿಸಿ, ಬಟ್ಟೆ ಒಗೆದು ಹಾಕಿ, ಸ್ವರ್ಣ ಅಮ್ಮನಿಗಾಗಿ ತಟ್ಟೆ ಮುಚ್ಚಿಟ್ಟಿದ್ದಳು.

ಸೆಪ್ಟೆಂಬರು ಬಂತು, ಹೋಯಿತು. ಪೆನಾಂಗಿನ ಕಾಲೇಜು ಶುರುವಾದ ದಿನ ಯಾರೂ ಅದರ ಸುದ್ದಿ ಎತ್ತಲಿಲ್ಲ. ಅಂದು ಸ್ವರ್ಣ ಬೆಳಗಿನಿಂದ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದಳು.

ಒಂದು ಭಾನುವಾರ ಚೇತನ ವಿಡಿಯೋದಲ್ಲಿ ಬಂದ. ತಲೆ ನುಣ್ಣಗೆ, ಮುಖ ಕಪ್ಪಗೆ, ಕಣ್ಣಲ್ಲಿ ಮಾತ್ರ ಹೊಸ ಕಳೆ. ಉಬ್ಬಸದಿಂದಾಗಿ ಅವನಿಗೆ ಹಗುರ ತರಬೇತಿ ಕೊಟ್ಟು, ಒಂದು ಉಗ್ರಾಣದಲ್ಲಿ ಗುಮಾಸ್ತಿಕೆಗೆ ಹಾಕಿದ್ದರು.

"ಅಜ್ಜಿ, ನನ್ನ ಹಾಸಿಗೆ ನಾನೇ ಮಡಚ್ತೀನಿ. ಶರ್ಟ್ ಇಸ್ತ್ರಿ ನಾನೇ. ಟಾಯ್ಲೆಟ್ ಕೂಡ ತೊಳೀತೀವಿ, ಟರ್ನ್ ಹಾಕ್ಕೊಂಡು."

"ಅಯ್ಯೋ ಶಿವನೇ! ನನ್ನ ಮೊಮ್ಮಗನ ಕೈಲಿ ಕಕ್ಕಸು ತೊಳೆಸ್ತಾರಾ?" ದೇವಕಮ್ಮ ಹಣೆ ಚಚ್ಚಿಕೊಂಡರು. "ಇದಕ್ಕೇನೇ ಅಷ್ಟು ದೂರ ಕರ್ಕೊಂಡು ಹೋಗಿದ್ದು?"

ಸ್ವರ್ಣ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು: "ಅಜ್ಜಿ, ನಿಮ್ದು ಯಾರು ತೊಳೀತಾರೆ?"

ದೇವಕಮ್ಮನ ಮುಖ ಇಳಿದುಹೋಯಿತು. ಕಾಲನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು.

ಚೇತನನಿಗೆ ಇದ್ಯಾವುದೂ ತಿಳಿಯಲಿಲ್ಲ. "ಇಲ್ಲಿ ಎಲ್ರೂ ಮುಗಿಯೋ ಡೇಟ್ ಬಾಯಿಪಾಠ ಮಾಡಿದಾರೆ," ಎಂದು ನಗುತ್ತಿದ್ದ. "ಆ ದಿನ ಟೋಪಿ ಮೇಲಕ್ಕೆ ಎಸೆದು ಮನೆಗೆ ಬಂದ್ಬಿಡೋದೇ."

"ಗುಡ್ ಫಾರ್ ಯೂ," ಎಂದಳು ಸ್ವರ್ಣ. ಫೋನು ಆರಿದ ಮೇಲೆ ಅಮ್ಮನ ಕಡೆ ತಿರುಗಿ, ಸಿಟ್ಟಿಲ್ಲದೆ, ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ನಂದು ಯಾವತ್ತು ಮುಗಿಯತ್ತಮ್ಮ?"

ವಂದನಾ ಬಟ್ಟೆ ಮಡಚುವ ನೆಪ ಮಾಡಿಕೊಂಡು ಒಳಗೆ ಹೋದಳು.

ಆ ಮಾತು ಅವಳನ್ನು ಕೂರಲು ಬಿಡಲಿಲ್ಲ. ಮರುದಿನ ಕಾಲೇಜಿಗೆ ಫೋನು ಮಾಡಿದಳು. ಜನವರಿಯಲ್ಲಿ ಇನ್ನೊಂದು ತಂಡ ಸೇರುತ್ತದೆ, ಸೀಟು ಇದೆ ಎಂದರು. ರಾಜ್ಯಗಳ ನಡುವಿನ ಗಡಿಯೂ ಅಷ್ಟರಲ್ಲಿ ತೆರೆಯುವ ಸುದ್ದಿಯಿತ್ತು. ಪಕ್ಕದ ಬ್ಲಾಕಿನಲ್ಲಿ ನಿವೃತ್ತ ನರ್ಸು ಸರೋಜಿನಿ ಎಂಬ ತಮಿಳು ಹೆಂಗಸಿದ್ದರು; ದಿನಾ ಬೆಳಿಗ್ಗೆ ಸಂಜೆ ಬಂದು ನೋಡಿಕೊಳ್ಳಲು ಒಪ್ಪಿದರು. ಉಳಿದದ್ದು ಅತ್ತೆ. ವಂದನಾ ಜಗಳಕ್ಕೆ ತಯಾರಾಗಿಯೇ ಹೋದಳು.

"ಬರ್ಲಿ ಬಿಡು," ಎಂದರು ದೇವಕಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು. "ಆ ಮಗು ಅವತ್ತು ಕೇಳಿದ್ಮೇಲೆ ನಂಗೂ ಅನ್ನ ಸೇರ್ತಿಲ್ಲ. ಸರೋಜಿನಿ ಬರದ ಹೊತ್ನಲ್ಲಿ ನೀನೇ ಒಂಚೂರು ಕೈ ಹಿಡಿ. ನಾಚಿಕೆ ಗೀಚಿಕೆ ಸಾಕು."

"ಆಯ್ತು ಅತ್ತೆ," ಎಂದಳು ವಂದನಾ. ಬಹಳ ದಿನಗಳ ಮೇಲೆ ತಾನೂ ಒಬ್ಬ ತಾಯಿ ಎನಿಸಿತು.

ಸ್ವರ್ಣ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ವಂದನಾ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಕಾಲೇಜು, ಸೀಟು, ಸರೋಜಿನಿ, ಅಜ್ಜಿಯ ಒಪ್ಪಿಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸ್ವರ್ಣ ಕೇಳಿದಳು. ಕುಣಿಯಲಿಲ್ಲ, ಬಂದು ತಬ್ಬಿಕೊಳ್ಳಲಿಲ್ಲ.

"ಬೇಡಮ್ಮ," ಎಂದಳು. "ಅಜ್ಜಿಗೆ ಎಡಗಾಲು ಮೊದಲು ಇಳಿಸ್ಬೇಕು, ಆಮೇಲೆ ಸೊಂಟ ಹಿಡೀಬೇಕು. ಹೊಸಬರಿಗೆ ಅದೆಲ್ಲ ಎಲ್ಲಿ ತಿಳಿಯತ್ತೆ? ನೀನು ಕೆಲಸದಲ್ಲಿರ್ತೀಯ. ನಡುವೆ ಅವರು ಕರೆದ್ರೆ ಯಾರಿದಾರೆ? ಇರ್ಲಿ ಬಿಡು. ಮುಂದಿನ ವರ್ಷ ನೋಡಿದ್ರಾಯ್ತು."

ಒಂದೇ ಒಂದು ಇಂಗ್ಲಿಷ್ ಮಾತಿರಲಿಲ್ಲ. ಹತ್ತೊಂಬತ್ತರ ಹುಡುಗಿ ಥೇಟ್ ದೇವಕಮ್ಮನ ಹಾಗೆ ಮಾತಾಡಿದ್ದಳು. ಮಾತು ಮುಗಿಸಿ, ಚಾಕು ನಿಲ್ಲಿಸಿ, ಅಮ್ಮನ ಮುಖ ನೋಡಿದಳು. ಒಂದು ಮಾತಿಗಾಗಿ ಕಾಯುತ್ತಿದ್ದಳು. ಆ ಮಾತು ಯಾವುದೆಂದು ವಂದನಾಗೆ ಸ್ಪಷ್ಟವಾಗಿ ಗೊತ್ತಿತ್ತು. ನೀನು ಹೋಗಲೇಬೇಕು, ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ ಎಂದು ಗದರಿಸಿದ್ದರೆ ಸಾಕಿತ್ತು.

ಆದರೆ ವಂದನಾಗೆ ಮೊದಲು ಆದದ್ದು ನೆಮ್ಮದಿ. ತಿಂಗಳ ಕೊನೆಯ ಕೆಲಸ ಕೆಡುವುದಿಲ್ಲ, ಅತ್ತೆಯ ಮೈ ತಾನು ತೊಳೆಯಬೇಕಿಲ್ಲ, ಮನೆ ಇದ್ದ ಹಾಗೇ ನಡೆಯುತ್ತದೆ. ಬೆಚ್ಚಗಿನ ನೀರು ಮೈಮೇಲೆ ಸುರಿದ ಹಾಗೆ ಆ ನೆಮ್ಮದಿ ಇಳಿಯಿತು. ಇಳಿಯುತ್ತಿದ್ದ ಹಾಗೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾದರೂ ಬಾಯಿಯಿಂದ ಹೊರಟದ್ದು ಬೇರೆಯೇ ಮಾತು.

"ನಿನ್ನಿಷ್ಟ ಮಗಳೇ," ಎಂದುಬಿಟ್ಟಳು.

ಸ್ವರ್ಣ ತಲೆಯಾಡಿಸಿ ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದಳು. ವಂದನಾ ಅಲ್ಲೇ ಕೂತಿದ್ದಳು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಇನ್ನೂ ಹೊತ್ತಿತ್ತು, ತೆಗೆದುಕೊಳ್ಳಲಿಲ್ಲ.